ಪ್ಯಾಡ್‌ಗೆ ಬಡಿದ ಚೆಂಡು ಮುಂದೆ ಎಲ್ಲಿಗೆ ಹೋಗುತ್ತದೆ?

(ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ. ಮಾಧ್ಯಮ, ಸಿಮ್ಯುಲೇಷನ್, ಅರ್ಥ ಎಂಬ ಮೂರು ಭಾರವಾದ ಪದಗಳನ್ನು ನೀವು ಆಹ್ವಾನಪತ್ರದಲ್ಲಿ ಅಚ್ಚು ಹಾಕಿಸಿದ್ದೀರಿ. ಅವನ್ನು ಹೊತ್ತುಕೊಂಡು ನೇರವಾಗಿ ತತ್ತ್ವಶಾಸ್ತ್ರಕ್ಕೆ ನುಗ್ಗಿದರೆ ಹಿಂದಿನ ಸಾಲಿನವರು ಕಾಫಿಯ ನೆಪ ಹೇಳಿ ಎದ್ದು ಹೋಗುತ್ತಾರೆ. ಆದ್ದರಿಂದ ನಾನು ಕ್ರಿಕೆಟ್ ಮೈದಾನದ ದಾರಿ ಹಿಡಿಯುತ್ತೇನೆ. ಅಲ್ಲಿಯೂ ತತ್ತ್ವಶಾಸ್ತ್ರ ಸಿಗುತ್ತದೆ, ಜೊತೆಗೆ ಜಗಳವೂ ಸಿಗುತ್ತದೆ.

2022ರ ಜನವರಿ 13, ಕೇಪ್ ಟೌನ್‌ನ ನ್ಯೂಲ್ಯಾಂಡ್ಸ್ ಮೈದಾನ. ಭಾರತ ಮತ್ತು ದಕ್ಷಿಣ ಆಫ್ರಿಕಾ ನಡುವಿನ ಮೂರನೆಯ ಟೆಸ್ಟ್. ಅಶ್ವಿನ್ ಎಸೆತ ಡೀನ್ ಎಲ್ಗರ್ ಪ್ಯಾಡ್‌ಗೆ ಬಡಿಯಿತು. ಅಂಪೈರ್ ಮರಾಯ್ಸ್ ಎರಾಸ್ಮಸ್ ಬೆರಳೆತ್ತಿದರು. ಎಲ್ಗರ್ ಮರುಪರಿಶೀಲನೆ ಕೇಳಿದರು. ಪರದೆಯ ಮೇಲೆ ಚೆಂಡು ಸ್ಟಂಪ್‌ಗಳ ಮೇಲಿನಿಂದ ಹಾರಿಹೋಯಿತು. ಔಟ್ ಕೊಟ್ಟಿದ್ದ ಎರಾಸ್ಮಸ್ ಅವರೇ ‘ಇದು ಸಾಧ್ಯವೇ ಇಲ್ಲ’ ಎಂದದ್ದು ಮೈಕ್‌ನಲ್ಲಿ ಕೇಳಿಸಿತು. ಮುಂದಿನದು ನಿಮಗೆ ನೆನಪಿರಬಹುದು. ಗೆಲ್ಲುವುದಕ್ಕೆ ಇದಕ್ಕಿಂತ ಒಳ್ಳೆಯ ದಾರಿ ಹುಡುಕಿಕೊಳ್ಳಿ ಎಂದು ಅಶ್ವಿನ್ ಪ್ರಸಾರ ಸಂಸ್ಥೆಯ ಹೆಸರು ಹಿಡಿದೇ ಹೇಳಿದರು. ಹನ್ನೊಂದು ಜನರ ವಿರುದ್ಧ ಇಡೀ ದೇಶವೇ ಆಡುತ್ತಿದೆ ಎಂದರು ನಮ್ಮ ಕೆ.ಎಲ್. ರಾಹುಲ್. ಕೊಹ್ಲಿಯಂತೂ ಸ್ಟಂಪ್ ಮೈಕ್ ಹತ್ತಿರ ಹೋಗಿ, ಬಾಗಿ, ಅದರೊಳಗೇ ಮಾತಾಡಿದರು.

ಮೈದಾನದಲ್ಲಿ ಸಿಟ್ಟು ಬಂದ ಆಟಗಾರ ಅಂಪೈರನ್ನು ದುರುಗುಟ್ಟಿ ನೋಡುತ್ತಾನೆ, ಎದುರಾಳಿಯನ್ನು ಕೆಣಕುತ್ತಾನೆ. ಇದು ಹಳೆಯ ರೂಢಿ. ಅಂದು ಸಿಟ್ಟು ಹೋದದ್ದು ದೂರದರ್ಶನದ ಕಡೆಗೆ, ಅದೂ ಅದೇ ದೂರದರ್ಶನದ ಮೈಕ್‌ನ ಮೂಲಕ. ಚೆಂಡಿನ ಜಾಡು ಬರೆಯುವವರು ಪ್ರಸಾರ ಸಂಸ್ಥೆಯವರಲ್ಲ, ಬೇರೆ ಕಂಪನಿಯವರು ಎಂಬ ಸಣ್ಣ ವಿವರ ಆ ಗಳಿಗೆಯಲ್ಲಿ ಯಾರಿಗೂ ಬೇಕಿರಲಿಲ್ಲ. ಚಿತ್ರ ಸುಳ್ಳು ಎಂದು ಅವರಿಗೆಲ್ಲ ಅನಿಸಿತ್ತು. ಆದರೆ ಅದರ ಎದುರಿಗೆ ಇಡಲು ಅವರ ಬಳಿ ‘ನಿಜ’ ಎಂಬುದು ಇರಲಿಲ್ಲ. ಏಕೆಂದರೆ ಚೆಂಡು ಪ್ಯಾಡ್‌ಗೆ ಬಡಿದು ಅಲ್ಲಿಯೇ ನಿಂತಿತ್ತು. ಅದು ಸ್ಟಂಪ್‌ನ ಮೇಲೆಯೂ ಹೋಗಲಿಲ್ಲ, ಸ್ಟಂಪ್‌ಗೂ ಬಡಿಯಲಿಲ್ಲ. ನಡೆಯದೇ ಇದ್ದ ಒಂದು ಘಟನೆಯ ಬಗ್ಗೆ ಎರಡು ದೇಶಗಳು ಕಿತ್ತಾಡಿದವು.

ಎಲ್‌ಬಿಡಬ್ಲ್ಯು ಎಂಬ ನಿಯಮದ ವಿಚಿತ್ರವೇ ಇದು. 1774ರ ನಿಯಮಾವಳಿಯಲ್ಲಿ ಅದು ಮೊದಲು ಕಾಣಿಸಿಕೊಂಡಾಗ ಪ್ರಶ್ನೆ ಇದ್ದದ್ದು ಬ್ಯಾಟ್ಸ್‌ಮನ್‌ನ ಮನಸ್ಸಿನ ಬಗ್ಗೆ: ಅವನು ಚೆಂಡನ್ನು ತಡೆಯಬೇಕೆಂದೇ ಕಾಲು ಅಡ್ಡ ಇಟ್ಟನೇ? ಆಮೇಲೆ ನಿಯಮ ತಿದ್ದುಪಡಿಯಾಗುತ್ತ ಬಂದು ಪ್ರಶ್ನೆ ಬದಲಾಯಿತು: ಕಾಲು ಅಲ್ಲಿ ಇಲ್ಲದೇ ಹೋಗಿದ್ದರೆ ಚೆಂಡು ವಿಕೆಟ್‌ಗೆ ಬಡಿಯುತ್ತಿತ್ತೇ? ‘ಇದ್ದಿದ್ದರೆ’, ‘ಇಲ್ಲದಿದ್ದರೆ’ ಎಂಬ ವ್ಯಾಕರಣದಲ್ಲಿ ತೀರ್ಪು ಕೊಡಬೇಕಾದ ನಿಯಮ. ಕ್ಯಾಮೆರಾ, ಕಂಪ್ಯೂಟರು ಹುಟ್ಟುವ ಎಷ್ಟೋ ಮೊದಲೇ ಕ್ರಿಕೆಟ್ ತನ್ನ ಹೊಟ್ಟೆಯೊಳಗೆ ಒಂದು ಸಿಮ್ಯುಲೇಷನ್ ಇಟ್ಟುಕೊಂಡಿತ್ತು. ಅದು ಓಡುತ್ತಿದ್ದ ಯಂತ್ರ ಅಂಪೈರನ ತಲೆ, ಅಷ್ಟೇ.

ಇಲ್ಲಿ ಜಾನ್ ಬೋದ್ರಿಯಾರ್ ಹೆಸರು ಹೇಳದೆ ಮುಂದೆ ಹೋದರೆ ನೀವು ಬಿಡುವುದಿಲ್ಲ. ಫ್ರಾನ್ಸಿನ ಈ ಚಿಂತಕ 1981ರಲ್ಲಿ ಸಿಮ್ಯುಲೇಷನ್ ಕುರಿತು ಬರೆದ ಪುಸ್ತಕದಲ್ಲಿ ಬಿಂಬಕ್ಕೆ ನಾಲ್ಕು ಅವಸ್ಥೆಗಳನ್ನು ಹೇಳುತ್ತಾನೆ. ಮೊದಲು ಬಿಂಬ ನಿಜವನ್ನು ಪ್ರತಿಫಲಿಸುತ್ತದೆ. ಆಮೇಲೆ ನಿಜವನ್ನು ತಿರುಚುತ್ತದೆ. ಆಮೇಲೆ ಅಲ್ಲಿ ನಿಜವೇ ಇಲ್ಲ ಎಂಬುದನ್ನು ಮುಚ್ಚಿಡುತ್ತದೆ. ಕೊನೆಗೆ ಯಾವ ನಿಜದ ಜೊತೆಗೂ ಸಂಬಂಧವಿಲ್ಲದೆ ತನ್ನಷ್ಟಕ್ಕೆ ತಾನೇ ಇರುತ್ತದೆ. ಮೂಲವೇ ಇಲ್ಲದ ನಕಲು. ಪ್ಯಾಡಿನಿಂದ ಸ್ಟಂಪಿನವರೆಗೆ ಪರದೆಯಲ್ಲಿ ಎಳೆಯುವ ಆ ಬಣ್ಣದ ಗೆರೆಗಿಂತ ಒಳ್ಳೆಯ ಉದಾಹರಣೆ ಈ ನಾಲ್ಕನೆಯದಕ್ಕೆ ಸಿಗಲಾರದು. ಬೋದ್ರಿಯಾರ್ ಕ್ರಿಕೆಟ್ ಬಿಟ್ಟು ಡಿಸ್ನಿಲ್ಯಾಂಡ್ ಹಿಡಿದ. ಫ್ರೆಂಚರಿಗೂ ಕ್ರಿಕೆಟ್ಟಿಗೂ ಅಷ್ಟಕ್ಕಷ್ಟೇ. 1900ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ಕ್ರಿಕೆಟ್ ಆಡಿ ಎರಡನೆಯ ಸ್ಥಾನ ಪಡೆದದ್ದು ನಿಜ. ಇದ್ದದ್ದು ಎರಡೇ ತಂಡ, ಫ್ರಾನ್ಸ್ ಪರ ಆಡಿದವರಲ್ಲಿ ಬಹುಪಾಲು ಅಲ್ಲಿ ನೆಲೆಸಿದ್ದ ಇಂಗ್ಲಿಷರು ಎಂಬುದು ಬೇರೆ ಮಾತು.

ಬೋದ್ರಿಯಾರ್ ಜೊತೆ ನನ್ನ ತಕರಾರು ಒಂದಿದೆ. ಒಂದು ಕಾಲದಲ್ಲಿ ಗಟ್ಟಿಯಾದ ನಿಜ ಇತ್ತು, ಮಾಧ್ಯಮ ಬಂದು ಅದನ್ನು ತಿಂದುಹಾಕಿತು ಎಂಬ ಧಾಟಿ ಅವನ ಬರಹದ ಉದ್ದಕ್ಕೂ ಇದೆ. ಕ್ರಿಕೆಟ್ಟಿನ ಇತಿಹಾಸ ಹಾಗೆ ಹೇಳುವುದಿಲ್ಲ. ಕಲ್ಪನೆ ಅಲ್ಲಿ ಮೊದಲಿನಿಂದಲೂ ಇತ್ತು. ಕಲ್ಪಿಸಿಕೊಳ್ಳುವವನು ಯಾವುದಕ್ಕೆ ಕಟ್ಟುಬಿದ್ದಿದ್ದಾನೆ ಎಂಬುದು ಮಾತ್ರ ಕಾಲಕಾಲಕ್ಕೆ ಬದಲಾಗಿದೆ. ಈ ಕಟ್ಟಿನ ಬಗ್ಗೆಯೇ ನಾನು ಇವತ್ತು ಮಾತಾಡಬೇಕೆಂದಿರುವುದು.

1938ಕ್ಕೆ ಹೋಗೋಣ. ಆಸ್ಟ್ರೇಲಿಯಾ ತಂಡ ಆ್ಯಷಸ್ ಆಡಲು ಇಂಗ್ಲೆಂಡಿಗೆ ಹೋಗಿತ್ತು. ಇಂಗ್ಲೆಂಡಿನಲ್ಲಿ ಆಟ ನಡೆಯುವ ಹೊತ್ತು ಆಸ್ಟ್ರೇಲಿಯಾದಲ್ಲಿ ರಾತ್ರಿ. ಸಿಡ್ನಿಯ ರೇಡಿಯೊ ಸ್ಟುಡಿಯೋದಲ್ಲಿ ವೀಕ್ಷಕ ವಿವರಣೆಕಾರರು ಮೇಜಿನ ಸುತ್ತ ಕೂತಿರುತ್ತಿದ್ದರು. ಇಂಗ್ಲೆಂಡಿನ ಮೈದಾನದಿಂದ ಓವರಿಗೊಂದರಂತೆ ಸಂಕೇತ ಭಾಷೆಯ ತಂತಿ (ಟೆಲಿಗ್ರಾಂ) ಬರುತ್ತಿತ್ತು. ಅದನ್ನು ಒಬ್ಬರು ಬಿಡಿಸಿ ಬರೆದುಕೊಟ್ಟರೆ, ಅಲನ್ ಮೆಕ್‌ಗಿಲ್ವ್ರೆ ಮತ್ತು ಜೊತೆಗಾರರು ಅದರ ಮೇಲೆ ಇಡೀ ಓವರನ್ನು ಕಟ್ಟುತ್ತಿದ್ದರು. ಬೌಲರ್ ಓಡಿ ಬರುತ್ತಿದ್ದಾನೆ, ಬ್ಯಾಟ್ಸ್‌ಮನ್ ಕಾಲು ಮುಂದಿಟ್ಟ, ಕವರ್ಸ್ ಕಡೆಗೆ ಹೊಡೆದ. ಬ್ಯಾಟಿಗೆ ಚೆಂಡು ತಾಗುವ ಸದ್ದು? ಮರದ ತುಂಡಿನ ಮೇಲೆ ಪೆನ್ಸಿಲ್ಲಿನಿಂದ ಒಂದು ಏಟು. ಚಪ್ಪಾಳೆ, ಹೋ ಎಂಬ ಕೂಗು ಗ್ರಾಮಫೋನ್ ತಟ್ಟೆಯಲ್ಲಿ ಸಿದ್ಧವಾಗಿರುತ್ತಿದ್ದವು. ಹತ್ತು ಸಾವಿರ ಮೈಲಿ ಆಚೆಯ ಪಂದ್ಯ ಹೀಗೆ ಆಸ್ಟ್ರೇಲಿಯಾದ ಮನೆಮನೆಗಳ ನಿದ್ದೆ ಕೆಡಿಸಿತು.

ಇದನ್ನು ಮೋಸ ಎನ್ನೋಣವೇ? ಕೇಳುಗರಿಗೆ ಇದು ಸ್ಟುಡಿಯೋದಲ್ಲಿ ಕಟ್ಟಿದ್ದು ಎಂದು ಗೊತ್ತಿತ್ತು. ರೇಡಿಯೊದವರು ಮುಚ್ಚಿಡಲೂ ಇಲ್ಲ. ನಮಗೆ ಇದು ಅರ್ಥವಾಗದ ಸಂಗತಿಯೇನಲ್ಲ. ಕರಾವಳಿ, ಮಲೆನಾಡಿನಿಂದ ಬಂದವರು ಇಲ್ಲಿದ್ದರೆ ತಾಳಮದ್ದಳೆ ನೋಡಿಯೇ ಇರುತ್ತೀರಿ. ವೇಷವಿಲ್ಲ, ಕುಣಿತವಿಲ್ಲ, ಪಂಚೆ ಉಟ್ಟು ಶಾಲು ಹೊದ್ದ ಅರ್ಥಧಾರಿಗಳು ಕೂತಿದ್ದಾರೆ. ಭಾಗವತರು ಪದ ಹೇಳುತ್ತಾರೆ. ಆ ಪದದ ಮೇಲೆ ಕರ್ಣನೂ ಕೃಷ್ಣನೂ ಮಾತಿನಲ್ಲೇ ಎದ್ದು ನಿಲ್ಲುತ್ತಾರೆ. ಎದುರಿಗೆ ಕೂತವರು ನಿವೃತ್ತ ಮೇಷ್ಟ್ರು ಎಂದು ಸಭೆಗೆ ಗೊತ್ತು. ಆ ಗೊತ್ತಿರುವಿಕೆಯಿಂದ ರಸಕ್ಕೇನೂ ಕೊರತೆಯಾಗುವುದಿಲ್ಲ. ಅರ್ಥಧಾರಿ ಎಷ್ಟು ಬೇಕಾದರೂ ವಿಸ್ತರಿಸಬಹುದು, ವಾದಿಸಬಹುದು, ಎದುರು ಕೂತವರನ್ನು ಮಾತಿನಲ್ಲಿ ಕಟ್ಟಿಹಾಕಬಹುದು. ಆದರೆ ಪದ್ಯದ ದಾರಿ ಬಿಡುವಂತಿಲ್ಲ. ಕರ್ಣ ಕೊನೆಗೆ ಪಾಂಡವರ ಪಕ್ಷಕ್ಕೆ ಬಂದುಬಿಟ್ಟ ಎನ್ನುವಂತಿಲ್ಲ. ಸಿಡ್ನಿಯವರಿಗೆ ತಂತಿಯೇ ಪದ್ಯ. ನಾಲ್ಕು ರನ್ ಎಂದು ತಂತಿ ಬಂದರೆ ಅದನ್ನು ಹೇಗೆ ಬೇಕಾದರೂ ಬಣ್ಣಿಸಬಹುದು, ಆರು ಎನ್ನುವಂತಿಲ್ಲ.

ತಂತಿ ಕಡಿದರೆ ಏನಾಗುತ್ತದೆ? ಅದಕ್ಕೂ ಒಂದು ಕಥೆ ಇದೆ. ಅಮೆರಿಕದ ಅಯೋವಾ ರಾಜ್ಯದ ರೇಡಿಯೊದಲ್ಲಿ 1930ರ ದಶಕದಲ್ಲಿ ರೊನಾಲ್ಡ್ ರೇಗನ್ ಎಂಬ ಯುವಕ ತಂತಿ ಸುದ್ದಿ ನೋಡಿಕೊಂಡು ಇದೇ ರೀತಿ ಬೇಸ್‌ಬಾಲ್ ವಿವರಣೆ ಕೊಡುತ್ತಿದ್ದ. ಒಮ್ಮೆ ಪಂದ್ಯದ ನಡುವೆ ತಂತಿ ನಿಂತುಹೋಯಿತಂತೆ. ನಿಲ್ಲಿಸಿ ಕ್ಷಮೆ ಕೇಳುವ ಬದಲು ಆತ ಬ್ಯಾಟ್ಸ್‌ಮನ್ ಕೈಯಲ್ಲಿ ಫೌಲ್ ಮೇಲೆ ಫೌಲ್ ಹೊಡೆಸುತ್ತ ನಿಮಿಷಗಟ್ಟಲೆ ಎಳೆದ. ಮುಂದೆ ರಾಜಕಾರಣಿಯಾದ ಮೇಲೂ ಈ ಕಥೆಯನ್ನು ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದ. ಅವನು ಅಮೆರಿಕದ ಅಧ್ಯಕ್ಷನಾದದ್ದು ಬೋದ್ರಿಯಾರ್ ಪುಸ್ತಕ ಬಂದ 1981ರಲ್ಲೇ.

ಈಗ ಯಂತ್ರದ ಕಡೆಗೆ ಬರೋಣ. ಹಾಕ್‌ಐ ಎಂಬ ಚೆಂಡಿನ ಜಾಡಿನ ತಂತ್ರಜ್ಞಾನ ಮೊದಲು ಬಳಕೆಯಾದದ್ದು 2001ರ ಮೇ ತಿಂಗಳಲ್ಲಿ, ಲಾರ್ಡ್ಸ್‌ನ ಇಂಗ್ಲೆಂಡ್–ಪಾಕಿಸ್ತಾನ ಟೆಸ್ಟ್ ಪ್ರಸಾರದಲ್ಲಿ. ಆಗ ಅದು ನೋಡುಗರ ಮನರಂಜನೆಗಾಗಿ ಇದ್ದ ಅಲಂಕಾರ, ಅಷ್ಟೇ. ಮೈದಾನದ ಸುತ್ತಲಿನ ಕ್ಯಾಮೆರಾಗಳು ಚೆಂಡನ್ನು ಬೇರೆ ಬೇರೆ ಕೋನಗಳಿಂದ ಹಿಡಿಯುತ್ತವೆ. ಆ ಚಿತ್ರಗಳನ್ನು ಜೋಡಿಸಿ ಕಂಪ್ಯೂಟರು ಚೆಂಡಿನ ಸ್ಥಾನವನ್ನು ಲೆಕ್ಕ ಹಾಕುತ್ತದೆ. ಪ್ಯಾಡ್‌ಗೆ ಬಡಿಯುವವರೆಗಿನ ದಾರಿಯಿಂದ ಮುಂದಿನ ದಾರಿಯನ್ನು ಅಂದಾಜಿಸುತ್ತದೆ. ಬಡಿಯುವವರೆಗಿನದು ಅಳತೆ, ಆಮೇಲಿನದು ಭವಿಷ್ಯ. ಪರದೆಯ ಮೇಲೆ ಎರಡೂ ಒಂದೇ ಗೆರೆಯಾಗಿ, ಒಂದೇ ನುಣುಪಿನಲ್ಲಿ ಹರಿಯುತ್ತವೆ. ನನ್ನ ಮಟ್ಟಿಗೆ ಇಡೀ ತಂಟೆ ಹುಟ್ಟುವುದು ಈ ನುಣುಪಿನಲ್ಲಿ.

ಈ ಕಥೆಯನ್ನು ಬೆಂಗಳೂರಿನ ಒಬ್ಬ ಎಂಜಿನಿಯರ್ ಮೂಲಕ ಹೇಳಿದರೆ ಚೆನ್ನಾಗಿರುತ್ತದೆ. 1999ರ ಫೆಬ್ರುವರಿ 7ರಂದು ದೆಹಲಿಯ ಕೋಟ್ಲಾದಲ್ಲಿ ಅನಿಲ್ ಕುಂಬ್ಳೆ ಪಾಕಿಸ್ತಾನದ ಹತ್ತೂ ವಿಕೆಟ್ ಕಿತ್ತರು, 74 ರನ್ ಕೊಟ್ಟು. ಹತ್ತರಲ್ಲಿ ಮೂರು ಎಲ್‌ಬಿಡಬ್ಲ್ಯು. ಅವರ ತುದಿಯಲ್ಲಿ ನಿಂತಿದ್ದ ಅಂಪೈರ್ ಕರ್ನಾಟಕದವರೇ ಆದ ಎ.ವಿ. ಜಯಪ್ರಕಾಶ್. ಮೂರು ಸಲವೂ ಚೆಂಡಿನ ಮುಂದಿನ ದಾರಿಯನ್ನು ಅವರ ತಲೆ ಬರೆಯಿತು, ಕೈ ಮೇಲಕ್ಕೆ ಹೋಯಿತು. ಆ ಚಿತ್ರವನ್ನು ಬೇರೆ ಯಾರೂ ನೋಡಲಿಲ್ಲ, ನೋಡುವಂತೆಯೂ ಇರಲಿಲ್ಲ. ಒಂಬತ್ತು ವರ್ಷದ ನಂತರ, 2008ರ ಜುಲೈನಲ್ಲಿ, ಅಂಪೈರ್ ತೀರ್ಪಿನ ಮರುಪರಿಶೀಲನೆ ಪದ್ಧತಿಯ (ಡಿಆರ್‌ಎಸ್) ಮೊದಲ ಪ್ರಯೋಗ ಶ್ರೀಲಂಕಾದಲ್ಲಿ ನಡೆದಾಗ ಭಾರತದ ನಾಯಕ ಇದೇ ಕುಂಬ್ಳೆ. ಆ ಪದ್ಧತಿಗೆ ಬಲಿಯಾದ ಮೊದಲ ಬ್ಯಾಟ್ಸ್‌ಮನ್ ಸೆಹ್ವಾಗ್. ಸರಣಿಯಲ್ಲಿ ಭಾರತಕ್ಕೆ ಕೈಗೂಡಿದ್ದು ಒಂದೇ ಮನವಿ, ಶ್ರೀಲಂಕಾಕ್ಕೆ ಹನ್ನೊಂದು. ಅಲ್ಲಿಂದ ಮುಂದೆ ಭಾರತೀಯ ಮಂಡಳಿ ವರ್ಷಗಟ್ಟಲೆ ಡಿಆರ್‌ಎಸ್ ಎಂದರೆ ಮುಖ ತಿರುಗಿಸಿತು. 2016ರಲ್ಲಿ ತವರಿನ ಸರಣಿಗೆ ಅದನ್ನು ಒಪ್ಪಿಕೊಂಡಾಗ ತಂಡದ ಕೋಚ್ ಕುಂಬ್ಳೆ. 2021ರಲ್ಲಿ ‘ಅಂಪೈರ್ಸ್ ಕಾಲ್’ ಬೇಡ ಎಂಬ ಕೂಗು ಜೋರಾದಾಗ, ಅದನ್ನು ಉಳಿಸಿಕೊಂಡ ಐಸಿಸಿ ಕ್ರಿಕೆಟ್ ಸಮಿತಿಯ ಅಧ್ಯಕ್ಷರೂ ಅವರೇ.

ಅಂಪೈರ್ಸ್ ಕಾಲ್ ಎಂದರೇನು? ಚೆಂಡಿನ ಅರ್ಧಕ್ಕಿಂತ ಕಡಿಮೆ ಭಾಗ ವಿಕೆಟ್ ವಲಯಕ್ಕೆ ತಾಗುತ್ತಿತ್ತು ಎಂದು ಯಂತ್ರ ಹೇಳಿದರೆ, ಮೈದಾನದ ಅಂಪೈರ್ ಮೊದಲು ಏನು ಹೇಳಿದ್ದರೋ ಅದೇ ನಿಲ್ಲುತ್ತದೆ. ಹಾಗಾಗಿ ಒಂದೇ ಚಿತ್ರಕ್ಕೆ ಒಮ್ಮೆ ಔಟ್, ಇನ್ನೊಮ್ಮೆ ನಾಟ್ ಔಟ್. ನೋಡುಗರಿಗೆ ಇದು ಹುಚ್ಚು ಹಿಡಿಸುತ್ತದೆ. ಚೆಂಡು ಸ್ಟಂಪ್‌ಗೆ ಬಡಿಯುತ್ತಿದೆ ಎಂದು ನೀವೇ ತೋರಿಸುತ್ತೀರಿ, ಮತ್ತೆ ನಾಟ್ ಔಟ್ ಎನ್ನುತ್ತೀರಿ! ತೆಂಡೂಲ್ಕರ್, ಶೇನ್ ವಾರ್ನ್ ಅಂಥವರೂ ಇದನ್ನು ಟೀಕಿಸಿದವರೇ. ಕುಂಬ್ಳೆ ಅವರ ಸಮಿತಿಯ ವಾದ ಬೇರೆ ಇತ್ತು: ಈ ಪದ್ಧತಿ ಇರುವುದು ಎದ್ದು ಕಾಣುವ ತಪ್ಪುಗಳನ್ನು ತಿದ್ದಲು, ತಂತ್ರಜ್ಞಾನದಲ್ಲಿ ಊಹೆಯ ಅಂಶ ಇರುವುದರಿಂದ ಮೈದಾನದ ಅಂಪೈರನ ಪಾತ್ರ ಉಳಿಯಬೇಕು. ನಾನು ಪೂರ್ತಿ ಈ ಪಕ್ಷ. ಇಡೀ ಆಧುನಿಕ ಮಾಧ್ಯಮದಲ್ಲಿ ‘ನಮ್ಮ ಚಿತ್ರ ಇಷ್ಟರ ಮಟ್ಟಿಗೆ ಊಹೆ’ ಎಂದು ನಿಯಮ ಬರೆದು ಒಪ್ಪಿಕೊಂಡ ಬೇರೆ ಉದಾಹರಣೆ ನನಗೆ ಹೊಳೆಯುತ್ತಿಲ್ಲ. ಹವಾಮಾನದವರು ಶೇಕಡಾವಾರು ಸಾಧ್ಯತೆ ಹೇಳುತ್ತಾರೆ, ಒಪ್ಪೋಣ. ಚುನಾವಣಾ ಸಮೀಕ್ಷೆಯವರಂತೂ ತಮ್ಮ ದೋಷದ ಮಿತಿಯನ್ನು ಪರದೆಯ ಮೂಲೆಯಲ್ಲಿ ಇರುವೆಯ ಗಾತ್ರದ ಅಕ್ಷರದಲ್ಲಿ ಹಾಕುತ್ತಾರೆ.

ಚಿತ್ರ ನೋಡಿದವರೆಲ್ಲ ಅದನ್ನು ನಂಬುತ್ತಾರೆ ಎಂದೂ ಅಲ್ಲ. 2011ರ ಮಾರ್ಚ್ 30, ಮೊಹಾಲಿ, ವಿಶ್ವಕಪ್ ಸೆಮಿಫೈನಲ್. ಪಾಕಿಸ್ತಾನದ ಸಯೀದ್ ಅಜ್ಮಲ್ ಎಸೆತಕ್ಕೆ ತೆಂಡೂಲ್ಕರ್ ಎಲ್‌ಬಿಡಬ್ಲ್ಯು ಎಂದು ಇಯಾನ್ ಗೌಲ್ಡ್ ಬೆರಳೆತ್ತಿದರು. ಮರುಪರಿಶೀಲನೆಯಲ್ಲಿ ಚೆಂಡು ಲೆಗ್ ಸ್ಟಂಪ್ ತಪ್ಪಿಸಿಕೊಂಡು ಹೋಯಿತು. ತೆಂಡೂಲ್ಕರ್ 85 ಹೊಡೆದರು, ಭಾರತ ಗೆದ್ದಿತು. ಅದು ಔಟೇ ಎಂದು ಅಜ್ಮಲ್ ಪಂದ್ಯ ಮುಗಿದು ವರ್ಷಗಳಾದ ಮೇಲೂ ಹೇಳುತ್ತ ಬಂದಿದ್ದಾರೆ. ಗೆರೆ ಒಂದೇ, ವಾಘಾ ಗಡಿಯ ಆಚೆ ಅದಕ್ಕೆ ಒಂದು ಅರ್ಥ, ಈಚೆ ಇನ್ನೊಂದು. ನ್ಯೂಲ್ಯಾಂಡ್ಸ್‌ನಲ್ಲಿ ಗೆರೆ ನಮಗೆ ತಿರುಗಿಬಿದ್ದಾಗ ನಾವೂ ಅಜ್ಮಲ್ ಆದೆವು.

2020ರಲ್ಲಿ ಈ ಕಥೆಗೆ ಹೊಸ ತಿರುವು ಬಂತು. ಕೋವಿಡ್ ಕಾರಣದಿಂದ ಐಪಿಎಲ್ ಸೆಪ್ಟೆಂಬರ್ 19ರಿಂದ ನವೆಂಬರ್ 10ರವರೆಗೆ ಅರಬ್ ಸಂಯುಕ್ತ ಸಂಸ್ಥಾನದ ಖಾಲಿ ಮೈದಾನಗಳಲ್ಲಿ ನಡೆಯಿತು. ಆದರೆ ಮನೆಯಲ್ಲಿ ಕೂತವರಿಗೆ ಜನಸಾಗರದ ಆರ್ಭಟ ಕೇಳುತ್ತಿತ್ತು: ಮೊದಲೇ ಧ್ವನಿಮುದ್ರಿಸಿದ್ದು. ಇಂಗ್ಲೆಂಡಿನ ಫುಟ್‌ಬಾಲ್ ಪ್ರಸಾರದಲ್ಲಿ ಇನ್ನೂ ಸ್ವಾರಸ್ಯವಾದದ್ದು ನಡೆದಿತ್ತು. ಅಲ್ಲಿ ಬಳಸಿದ್ದು ಒಂದು ವಿಡಿಯೊ ಗೇಮಿನ ಜನರ ಸದ್ದು. ಆ ಗೇಮಿನವರು ಅದನ್ನು ಮೊದಲು ಸಂಗ್ರಹಿಸಿದ್ದು ನಿಜವಾದ ಮೈದಾನಗಳಿಂದ. ಮೈದಾನದಿಂದ ಆಟಿಕೆಗೆ, ಆಟಿಕೆಯಿಂದ ಮತ್ತೆ ಮೈದಾನಕ್ಕೆ. ಅಲ್ಲಿನ ವೀಕ್ಷಕರಿಗೆ ಸದ್ದು ಇಲ್ಲದ ಪ್ರಸಾರವನ್ನು ಆರಿಸಿಕೊಳ್ಳುವ ಅವಕಾಶ ಇತ್ತು. ಇದು ಸಣ್ಣ ಸೌಜನ್ಯದಂತೆ ಕಾಣುತ್ತದೆ, ನನಗೆ ಮಾತ್ರ ದೊಡ್ಡದು. ಸಿಡ್ನಿಯ ಕೇಳುಗನಿಗೆ ಇದ್ದ ತಿಳಿವಳಿಕೆ ಇಲ್ಲಿ ರಿಮೋಟಿನ ಗುಂಡಿಯಾಗಿ ಉಳಿಯಿತು.

ಜನರಿಲ್ಲದೆ ಜನರ ಸದ್ದು ಸಾಕು ಎಂಬುದು ಗೊತ್ತಾದ ಮೇಲೆ ಜನ ಎಂದರೆ ಏನು? ಈ ಪ್ರಶ್ನೆಯನ್ನು ಬೋದ್ರಿಯಾರ್ ಶೈಲಿಯಲ್ಲಿ ಚಮತ್ಕಾರವಾಗಿ ಬೆಳೆಸಬಹುದಿತ್ತು. 2025ರ ಜೂನ್ 4ರ ನಂತರ ಬೆಂಗಳೂರಿನವರಿಗೆ ಆ ಚಮತ್ಕಾರ ಸಾಧ್ಯವಿಲ್ಲ. ಹಿಂದಿನ ರಾತ್ರಿ ಅಹಮದಾಬಾದಿನಲ್ಲಿ ಆರ್‌ಸಿಬಿ ಕಪ್ ಗೆದ್ದಿತ್ತು. ಮೊಬೈಲ್ ಪರದೆಯಲ್ಲಿ ಬಂದ ಕರೆಗೆ ಜನ ಮೈಸಮೇತ ಬಂದರು. ಚಿನ್ನಸ್ವಾಮಿ ಕ್ರೀಡಾಂಗಣದ ಗೇಟುಗಳ ಹತ್ತಿರ ಕಾಲ್ತುಳಿತದಲ್ಲಿ 11 ಜನ ಸತ್ತರು. ಒಳಗೆ ಸಂಭ್ರಮ ನಡೆದೇ ಇತ್ತು. ಲೈಕು, ವ್ಯೂ, ಅಭಿಮಾನಿ ಬಳಗ ಎಂದು ವರ್ಷಾನುಗಟ್ಟಲೆ ಸಂಖ್ಯೆಯಾಗಿ ಎಣಿಸಿದ ಜನಕ್ಕೆ ಎಲುಬು, ಉಸಿರು ಇರುತ್ತದೆ ಎಂಬ ಸರಳ ಸಂಗತಿಯನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಎಲ್ಲವೂ ಬಿಂಬವೇ ಎನ್ನುವ ಸಿದ್ಧಾಂತ ನನಗೆ ಸಾಲದೆನಿಸುವುದು ಇಲ್ಲಿ.

ದೇಹದ ಮಾತು ಬಂದಾಗ ಮೋಲಿಪುರ ನೆನಪಾಗುತ್ತದೆ. ಗುಜರಾತಿನ ಮೆಹಸಾಣಾ ಜಿಲ್ಲೆಯ ಹಳ್ಳಿ. 2022ರಲ್ಲಿ ನಿಜವಾದ ಐಪಿಎಲ್ ಮುಗಿದು ಕೆಲವೇ ವಾರಗಳಲ್ಲಿ ಅಲ್ಲಿ ಇನ್ನೊಂದು ‘ಐಪಿಎಲ್’ ಶುರುವಾಯಿತು. ಪೊಲೀಸರು ಹೇಳಿದ ಪ್ರಕಾರ, ಹೊಲದ ಒಂದು ತುಂಡನ್ನು ಮೈದಾನ ಮಾಡಿ, ಹ್ಯಾಲೊಜೆನ್ ದೀಪ ಹಾಕಿ, 21 ಮಂದಿ ಕೃಷಿ ಕೂಲಿಗಳಿಗೂ ನಿರುದ್ಯೋಗಿ ಹುಡುಗರಿಗೂ ಪಂದ್ಯಕ್ಕೆ 400 ರೂಪಾಯಿ ಕೊಟ್ಟು, ಚೆನ್ನೈ, ಮುಂಬೈ, ಗುಜರಾತ್ ತಂಡಗಳ ಜೆರ್ಸಿಗಳನ್ನು ಬದಲಿಸಿ ಬದಲಿಸಿ ತೊಡಿಸಿದರು. ಐದು ಕ್ಯಾಮೆರಾ. ಜನರ ಸದ್ದು ಇಂಟರ್‌ನೆಟ್ಟಿನಿಂದ. ವೀಕ್ಷಕ ವಿವರಣೆಗೆ ಮೀರತ್ತಿನಿಂದ ಕರೆಸಿದವನೊಬ್ಬ ಹರ್ಷ ಭೋಗ್ಲೆ ಧ್ವನಿಯನ್ನು ಅಣಕಿಸುತ್ತಿದ್ದ. ಯೂಟ್ಯೂಬಿನಲ್ಲಿ ನೇರಪ್ರಸಾರ. ಬಾಜಿ ಕಟ್ಟುತ್ತಿದ್ದವರು ರಷ್ಯಾದ ತ್ವೆರ್, ವೊರೊನೆಝ್, ಮಾಸ್ಕೊ ನಗರಗಳವರು. ಟೂರ್ನಿ ಕ್ವಾರ್ಟರ್ ಫೈನಲ್ ತಲುಪುವ ಹೊತ್ತಿಗೆ ಪೊಲೀಸರು ಬಂದರು. ಇದಕ್ಕೂ ಎರಡು ವರ್ಷ ಮೊದಲು ಶ್ರೀಲಂಕಾದ ಬದುಲ್ಲದಲ್ಲಿ ನಡೆಯುತ್ತಿದೆ ಎಂದು ಪ್ರಸಾರವಾದ ‘ಉವಾ ಟಿ20’ ಪಂದ್ಯ ವಾಸ್ತವವಾಗಿ ನಡೆದದ್ದು ಚಂಡೀಗಢದ ಹತ್ತಿರದ ಸವಾರಾ ಹಳ್ಳಿಯಲ್ಲಿ.

ಸುದ್ದಿ ಓದಿ ದೇಶವೆಲ್ಲ ನಕ್ಕಿತು, ಭೋಗ್ಲೆ ಕೂಡ ನಕ್ಕರು. ನಗು ತಣಿದ ಮೇಲೆ ಕೇಳಿಕೊಳ್ಳಿ: ಅಲ್ಲಿ ಸುಳ್ಳಾಗಿದ್ದದ್ದು ಯಾವುದು? ಬ್ಯಾಟು, ಚೆಂಡು ನಿಜ. ಓಡಿದ್ದು ನಿಜ, ಬೆವರು ನಿಜ, ಕೂಲಿಯೂ ನಿಜ. ಸದ್ದು ಮುದ್ರಿಸಿದ್ದು ಎನ್ನೋಣವೆಂದರೆ ದುಬೈಯಲ್ಲೂ ಅದೇ ಆಗಿತ್ತು. ಕ್ಯಾಮೆರಾ ಪಿಚ್ಚಿನ ಸುತ್ತಲೇ ಸುತ್ತುತ್ತಿತ್ತು ಎನ್ನೋಣವೆಂದರೆ ಯಾವ ಪ್ರಸಾರ ಇಡೀ ಮೈದಾನ ತೋರಿಸುತ್ತದೆ? ನನಗೆ ಉತ್ತರ ಸಿಕ್ಕಿದ್ದು ಅಂಪೈರನ ಕೈಯಲ್ಲಿದ್ದ ವಾಕಿಟಾಕಿಯಲ್ಲಿ. ಬಾಜಿಯ ಲೆಕ್ಕ ನೋಡಿಕೊಂಡು ಸಂಘಟಕ ಅದರಲ್ಲಿ ಹೇಳುತ್ತಿದ್ದ. ಅಂಪೈರ್ ಸನ್ನೆ ಮಾಡುತ್ತಿದ್ದ. ಬೌಲರ್ ಮೆತ್ತಗೆ ಎಸೆಯುತ್ತಿದ್ದ. ಬ್ಯಾಟ್ಸ್‌ಮನ್ ಬೌಂಡರಿಗೆ ಹೊಡೆಯುತ್ತಿದ್ದ. ಸಿಡ್ನಿಯಲ್ಲಿ ಚೆಂಡು ಮೊದಲು, ತಂತಿ ಆಮೇಲೆ. ಮೋಲಿಪುರದಲ್ಲಿ ತಂತಿ ಮೊದಲು, ಚೆಂಡು ಆಮೇಲೆ. ಸಿಡ್ನಿಯಲ್ಲಿ ಬ್ಯಾಟಿನ ಸದ್ದು ಪೆನ್ಸಿಲ್ಲಿನದಾಗಿತ್ತು, ಆದರೂ ಅಲ್ಲಿ ಪಂದ್ಯ ಇತ್ತು. ಮೋಲಿಪುರದಲ್ಲಿ ಬ್ಯಾಟಿನ ಸದ್ದು ಬ್ಯಾಟಿನದೇ ಆಗಿತ್ತು, ಪಂದ್ಯ ಇರಲಿಲ್ಲ. ನಮ್ಮ ಸುದ್ದಿವಾಹಿನಿಗಳ ಸಂಜೆಯ ಚರ್ಚೆಗಳನ್ನು ನೋಡುವಾಗ ನಾನು ಈಗ ಹುಡುಕುವುದು ವಾಕಿಟಾಕಿ ಯಾರ ಕೈಯಲ್ಲಿದೆ ಎಂದು.

ಉಪನ್ಯಾಸದ ನಂತರ ಒಬ್ಬರು ಕೇಳಿದರು: ಹಾಗಾದರೆ ಟಿವಿಯವರು ಏನು ಮಾಡಬೇಕು ಎನ್ನುತ್ತೀರಿ? ಕಾರ್ಡಿಫ್ ವಿಶ್ವವಿದ್ಯಾಲಯದ ಹ್ಯಾರಿ ಕಾಲಿನ್ಸ್ ಮತ್ತು ರಾಬರ್ಟ್ ಇವಾನ್ಸ್ ಎಂಬ ಸಮಾಜಶಾಸ್ತ್ರಜ್ಞರು 2008ರಲ್ಲೇ ಇದಕ್ಕೆ ಉತ್ತರ ಬರೆದಿದ್ದಾರೆ. 2007ರ ವಿಂಬಲ್ಡನ್ ಫೈನಲ್‌ನಲ್ಲಿ ನಡಾಲ್ ಹೊಡೆತವೊಂದು ಗೆರೆಗೆ ಒಂದೇ ಮಿಲಿಮೀಟರಿನಷ್ಟು ತಾಗಿದೆ ಎಂದು ಇದೇ ಹಾಕ್‌ಐ ಯಂತ್ರ ಹೇಳಿತು. ಇದನ್ನು ಆಫ್ ಮಾಡಿ ಎಂದು ಫೆಡರರ್ ರೇಗಿದರು. ಆ ಕಾಲದಲ್ಲಿ ಕಂಪನಿಯೇ ಹೇಳಿಕೊಳ್ಳುತ್ತಿದ್ದ ಸರಾಸರಿ ದೋಷ 3.6 ಮಿಲಿಮೀಟರ್. ದೋಷದ ಮಿತಿಯನ್ನೂ ಚಿತ್ರದಲ್ಲೇ ತೋರಿಸಿ ಎಂಬುದು ಕಾಲಿನ್ಸ್ ಮತ್ತು ಇವಾನ್ಸ್ ಸಲಹೆ. ಪ್ಯಾಡಿನವರೆಗೆ ಗಟ್ಟಿ ಗೆರೆ, ಅಲ್ಲಿಂದ ಮುಂದೆ ಅಗಲವಾಗುತ್ತ ಮಸುಕಾಗುವ ಪಟ್ಟಿ ಎಳೆದರೆ ಸಾಕು. ಗ್ರಾಫಿಕ್ಸ್ ಮಾಡುವವರಿಗೆ ಇದು ಕಷ್ಟವೇನಲ್ಲ.

ಸಭೆಯಲ್ಲಿದ್ದ ಹಿರಿಯರೊಬ್ಬರು, ಲೀಗ್ ಪಂದ್ಯಗಳಲ್ಲಿ ಅಂಪೈರ್ ಆಗಿ ನಿಂತವರು, ಇದನ್ನು ಒಪ್ಪಲಿಲ್ಲ. ‘ನೀವು ಮಸುಕು ಪಟ್ಟಿ ತೋರಿಸಿದರೆ ಹನ್ನೊಂದು ಜನರೂ ಬಂದು ನನ್ನನ್ನು ಸುತ್ತಿಕೊಳ್ಳುತ್ತಾರೆ ಸ್ವಾಮಿ. ಗೆರೆ ಸುಳ್ಳೋ ನಿಜವೋ, ಅದು ಬಂದ ಮೇಲೆ ಜಗಳ ಅರ್ಧ ನಿಮಿಷದಲ್ಲಿ ಮುಗಿಯುತ್ತದೆ. ಆಟ ಮುಂದುವರಿಯಬೇಕಲ್ಲ?’ ಅಂದರು. ನ್ಯೂಲ್ಯಾಂಡ್ಸ್‌ನಲ್ಲಿ ಗಟ್ಟಿ ಗೆರೆಯೇ ಇತ್ತು, ಜಗಳ ಮುಗಿಯಲಿಲ್ಲವಲ್ಲ ಎಂದೆ ನಾನು. ಅಲ್ಲಿ ಜಗಳ ಟಿವಿಯ ಜೊತೆ ಆಯಿತು, ಅಂಪೈರ್ ಪಾರಾದರು, ಅದೇ ನಮಗೆ ಬೇಕಾದದ್ದು ಎಂದು ಅವರು ಹೇಳಿದಾಗ ಸಭೆ ಅವರ ಪಕ್ಷಕ್ಕೆ ವಾಲಿತು.